ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳೂ ಅವರ ವಟುಗಳೂ

ಹಾನಗಲ್ಲ ವಿರಕ್ತಮಠದ ಪೂಜ್ಯಶ್ರೀ ಕುಮಾರ ಮಹಾಸ್ವಾಮಿಗಳವರು ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಜೋಯಿಸರ ಹರಳಹಳ್ಳಿಯಲ್ಲಿ 1867ನೆಯ ಇಸವಿಯಲ್ಲಿ ಬಡ ಜಂಗಮ ದಂಪತಿಗಳ ಪುಣ್ಯೋದರದಲ್ಲಿ ಜನಿಸಿದರು. ಬಾಲ್ಯದ ನಾಮಧೇಯವು ಹಾಲಯ್ಯ. ವಿದ್ಯೆಯ ಹಂಬಲವೇನೋ ಅಪಾರ. ಮನೆಯ ಅನುಕೂಲವು ಅತ್ಯಲ್ಪ. ಕೆಲಕಾಲ ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿ, ಬಳಿಕ ಗುರುವನ್ನರಸುತ್ತ ಹೊರಟು, ಕಡೆಗೆ ಎಳಂದೂರು ಬಸವಲಿಂಗ ಸ್ವಾಮಿಗಳ ಸನ್ನಿಧಿಯಲ್ಲಿ ಶಿವಯೋಗದ ಮರ್ಮವನ್ನರಿತರು. ದಾರಿ ತೋರುವವರಿಲ್ಲದೆ ಅಲೆಯುವ ತರುಣನ ಸಂಕಟವು ಅವರಿಗೆ ಓದಿ ತಿಳಿದುದಲ್ಲ, ಉಂಡು ತಿಳಿದುದು.

ಆ ಕಾಲದಲ್ಲಿ ಮಠಗಳೇನೂ ಕಡಮೆಯಿರಲಿಲ್ಲ. ಆದರೆ ಪೀಠವೇರಬೇಕಾದ ಮರಿಗಳಿಗೆ ಶಾಸ್ತ್ರಜ್ಞಾನವೂ ಇಲ್ಲ, ಅನುಷ್ಠಾನವೂ ಇಲ್ಲವೆಂಬ ಸ್ಥಿತಿಯು ಹಲವೆಡೆ ಇದ್ದಿತು. ಭಕ್ತರ ಕಾಣಿಕೆಯಿಂದ ಬೆಳೆದ ಸಂಸ್ಥೆಗಳು ಬೋಧಿಸಬಲ್ಲವರಿಲ್ಲದೆ ಬಡವಾಗುವುದನ್ನು ಕಂಡು ಸ್ವಾಮಿಗಳವರು ನೊಂದರು. 1904ರಲ್ಲಿ ಧಾರವಾಡದಲ್ಲಿ ಶಿರಸಂಗಿ ಲಿಂಗರಾಜ ದೇಸಾಯಿಯವರ ಅಧ್ಯಕ್ಷತೆಯಲ್ಲಿ ವೀರಶೈವ ಮಹಾಸಭೆಯನ್ನು ಕೂಡಿಸಿದರು. ಸಭೆ ಕೂಡಿಸಿದ ಮಾತ್ರಕ್ಕೆ ಮನುಷ್ಯರು ಸಿದ್ಧರಾಗರಷ್ಟೆ! ಆದುದರಿಂದ 1909ರಲ್ಲಿ ಬಾದಾಮಿಯ ಸಮೀಪ, ಮಲಪ್ರಭೆಯ ತಡಿಯಲ್ಲಿ, ಇಳಕಲ್ಲಿನ ವಿಜಯ ಮಹಾಂತ ಶಿವಯೋಗಿಗಳವರ ಸಹಕಾರದಿಂದ ಶಿವಯೋಗಮಂದಿರವನ್ನು ಸ್ಥಾಪಿಸಿದರು.

ಅಲ್ಲಿಗೆ ಬಂದ ವಟುಗಳಿಗೆ ಸಂಸ್ಕೃತ, ಕನ್ನಡ, ಸಂಗೀತಗಳ ಪಾಠವುಂಟು, ಗೋಸೇವೆಯುಂಟು, ಗೋಮಯದಿಂದ ವಿಭೂತಿಯನ್ನು ಸಿದ್ಧಪಡಿಸುವ ಕಾಯಕವುಂಟು. ಇವೆಲ್ಲಕ್ಕೂ ಬೇರು ಇಷ್ಟಲಿಂಗಪೂಜೆಯೇ. ಎಡಗೈಯ ಅಂಗೈಯಲ್ಲಿ ಲಿಂಗವನ್ನು ಧರಿಸಿ, ಎವೆಯಿಕ್ಕದೆ ಅದರಲ್ಲಿ ದೃಷ್ಟಿಯನ್ನು ನಿಲಿಸಿ, ಉಸಿರನ್ನು ಮೆಲ್ಲನೆ ಹದಕ್ಕೆ ತರುವುದು. ಹರೆಯದ ಮನಸ್ಸು ಕ್ಷಣಮಾತ್ರದಲ್ಲಿ ಹಾರಿಹೋಗುವುದು ಸಹಜ. ಹಾರಿದುದನ್ನು ತಾನೇ ಅರಿತು ಪುನಃ ಕರೆತರುವುದರಲ್ಲಿಯೇ ಸಾಧನೆಯಿರುವುದು. ಹೀಗೆ ಎಚ್ಚರವನ್ನು ಕಲಿತ ತರುಣನ ಮುಂದೆ ಗುರಿಯೂ ಸ್ಪಷ್ಟವಾಗಿತ್ತು: ಸಮಾಜಕ್ಕೆ ಹಿಂತಿರುಗಿ ಸೇವೆಗೈಯುವುದು.

ಆ ಗುರಿಯು ಎಲ್ಲರಿಗೂ ಒಂದೇ ಅಚ್ಚಿನದಾಗಿರಲಿಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ, ಗುರುಬಸಯ್ಯರೆಂಬ ಇಬ್ಬರು ಅಣ್ಣತಮ್ಮಂದಿರಿದ್ದರು, ಇಬ್ಬರೂ ಹುಟ್ಟುಕುರುಡರು. ಇಂತಹ ಮಕ್ಕಳಿಗೆ ಭಿಕ್ಷೆಯ ಹೊರತು ಗತಿಯಿಲ್ಲವೆಂದು ಲೋಕವು ಬಗೆಯುತ್ತಿದ್ದ ದಿನಗಳವು. ಸ್ವಾಮಿಗಳವರು ಅವರಲ್ಲಿ ಇಲ್ಲದ ಕಣ್ಣನ್ನು ನೋಡಲಿಲ್ಲ, ಇದ್ದ ಕಂಠವನ್ನು ಕೇಳಿದರು. ಅವರನ್ನು ಕರೆದೊಯ್ದು ಆಶ್ರಯವಿತ್ತು, ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನೂ, ಮಿರಜಿನ ನೀಲಕಂಠಬುವಾ ಅವರಲ್ಲಿ ಹಿಂದುಸ್ಥಾನಿ ಪದ್ಧತಿಯನ್ನೂ ಅಭ್ಯಸಿಸಿ, ಪಂಚಾಕ್ಷರ ಗವಾಯಿಗಳೆಂದು ಪ್ರಖ್ಯಾತನಾದನು. ಗುರುವು ಮೆಚ್ಚಿದುದು ಈ ಖ್ಯಾತಿಯನ್ನಲ್ಲ. ಕಲಿತುದನ್ನು ತನ್ನಂತಹ ಅನಾಥರಿಗೆ, ಅಂಧರಿಗೆ ಕಲಿಸುವುದೇ ಆ ಶಿಷ್ಯನ ಬಾಳಿಗೆ ಅವರು ತೋರಿದ ಗುರಿಯಾಗಿತ್ತು. ಅದಕ್ಕಾಗಿ ಗವಾಯಿಗಳು ಶಿಷ್ಯರ ಹೊಟ್ಟೆಪಾಡನ್ನೂ ಪಾಠವನ್ನೂ ತಲೆಯ ಮೇಲೆ ಹೊತ್ತು ಊರಿಂದೂರಿಗೆ ತಿರುಗಿದರು; ಬರಗಾಲದಲ್ಲಿಯೂ ಅವರನ್ನು ಕೈಬಿಡಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಆ ಶ್ರಮದ ಫಲ.

ಮಹಾಸ್ವಾಮಿಗಳವರು 1930ರಲ್ಲಿ ಶಿವಯೋಗಮಂದಿರದಲ್ಲಿ ಲಿಂಗೈಕ್ಯರಾದರು. ಗದ್ದುಗೆಯು ಅಲ್ಲಿಯೇ ಇದೆ. ಗವಾಯಿಗಳು 1944ರವರೆಗೆ ಗುರುವಿನ ಆಜ್ಞೆಯನ್ನು ನಡೆಸಿದರು. ಅವರ ತರುವಾಯ ಆಶ್ರಮದ ಹೊಣೆಯನ್ನು ಹೊತ್ತ ಪುಟ್ಟರಾಜ ಗವಾಯಿಗಳೂ ಅಂಧರೇ. 2010ರಲ್ಲಿ ದೇಹವಿಡುವವರೆಗೂ ಅವರು ಮಕ್ಕಳಿಗೆ ಸ್ವರಪಾಠವನ್ನೂ ಅನ್ನವನ್ನೂ ನೀಡಿದರು.