ಲೂರಿಯಾ: ಪೆಟ್ಟಾದ ಮೆದುಳಿಗೆ ದಾರಿ ಹುಡುಕಿದವರು

ವೈಗೋಟ್ಸ್ಕಿಯವರ ಹೆಸರು ನಮಗೆಲ್ಲ ಬಿ.ಇಡಿ. ಪಠ್ಯದಿಂದಲೇ ಪರಿಚಿತ. ಅವರ ಜೊತೆಗಾರ ಅಲೆಕ್ಸಾಂಡರ್ ಲೂರಿಯಾ ಅವರ ಬದುಕೂ ತರಗತಿಗೆ ಅಷ್ಟೇ ಹತ್ತಿರದ್ದು.

ಲೂರಿಯಾ ಹುಟ್ಟಿದ್ದು 1902ರಲ್ಲಿ, ರಷ್ಯಾದ ಕಜಾನ್ ನಗರದಲ್ಲಿ. ತಂದೆ ವೈದ್ಯರು, ಮಗ ಆರಿಸಿಕೊಂಡದ್ದು ಮನೋವಿಜ್ಞಾನ. 1924ರಲ್ಲಿ ವೈಗೋಟ್ಸ್ಕಿಯವರ ಭೇಟಿಯಾಯಿತು. ಮಗುವಿನ ಯೋಚನೆ ಭಾಷೆಯಿಂದ, ಹಿರಿಯರ ಒಡನಾಟದಿಂದ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಇಬ್ಬರೂ ಕೂಡಿ ಪರಿಶೀಲಿಸಿದರು. 1934ರಲ್ಲಿ ವೈಗೋಟ್ಸ್ಕಿ ಕ್ಷಯದಿಂದ ತೀರಿಕೊಂಡರು. ಆಗಲೇ ಹೆಸರು ಮಾಡಿದ್ದ ಲೂರಿಯಾ ಮತ್ತೆ ವಿದ್ಯಾರ್ಥಿಯಾಗಿ ಕುಳಿತು, 1937ರಲ್ಲಿ ವೈದ್ಯಕೀಯ ಪದವಿ ಪಡೆದರು.

ಎರಡನೆಯ ಮಹಾಯುದ್ಧದಲ್ಲಿ ಉರಾಲ್ ಪ್ರದೇಶದ ಆಸ್ಪತ್ರೆಯೊಂದರಲ್ಲಿ ತಲೆಗೆ ಗಾಯವಾದ ಸೈನಿಕರ ಹೊಣೆ ಅವರದಾಯಿತು. ಓದು, ಬರಹ, ಲೆಕ್ಕ ಇವೆಲ್ಲ ಮೆದುಳಿನ ಹಲವು ಭಾಗಗಳು ಕೂಡಿ ಮಾಡುವ ಕೆಲಸ. ಒಂದು ಕೊಂಡಿ ಕಳಚಿದರೆ ಉಳಿದವನ್ನು ಬೇರೆ ರೀತಿಯಲ್ಲಿ ಜೋಡಿಸಿ ಆ ಕೆಲಸವನ್ನು ಮತ್ತೆ ಕಲಿಸಬಹುದು ಎಂದು ಅವರು ಕಂಡುಕೊಂಡರು.

1943ರಲ್ಲಿ ಗಾಯಗೊಂಡ ಝಸೆಟ್ಸ್ಕಿ ಎಂಬ ಯುವ ಅಧಿಕಾರಿಗೆ ಅಕ್ಷರಗಳೇ ಮರೆತಿದ್ದವು. ಒಂದೊಂದೇ ಅಕ್ಷರ ಯೋಚಿಸದೆ, ಕೈ ಎತ್ತದೆ ಇಡೀ ಪದ ಬರೆಯುವ ಅಭ್ಯಾಸದಿಂದ ಬರವಣಿಗೆ ಮರಳಿತು. ಸುಮಾರು 25 ವರ್ಷಗಳಲ್ಲಿ ಆತ 3000 ಪುಟಗಳಷ್ಟು ಬರೆದರು. ಬರೆದದ್ದನ್ನು ತಾವೇ ಓದುವುದು ಮಾತ್ರ ಕೊನೆಗೂ ಕಷ್ಟವಾಗಿಯೇ ಉಳಿಯಿತು. ಚೇತರಿಕೆಯೆಂದರೆ ಎಲ್ಲವೂ ಮೊದಲಿನಂತಾಗುವುದಲ್ಲ.

ಜಿಗಣಿಯಲ್ಲಿ ನನ್ನ ಬೋಧನಾಭ್ಯಾಸದ ಎಂಟನೇ ತರಗತಿಗೆ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದ್ದ ಹುಡುಗನೊಬ್ಬ ಮರಳಿ ಬಂದಿದ್ದ. ಗಾಯ ಮಾಸಿತ್ತು, ಹಾಗಾಗಿ ಸೋಮಾರಿ ಎಂಬ ಹೆಸರು ಬಂದಿತ್ತು. ಲೂರಿಯಾ ಮೊದಲು ಕೇಳುತ್ತಿದ್ದುದು ಎಷ್ಟು ತಪ್ಪಾಯಿತು ಎಂದಲ್ಲ, ಯಾವ ಹಂತದಲ್ಲಿ ತಪ್ಪುತ್ತದೆ ಎಂದು. ಅದನ್ನೇ ಗಮನಿಸಿದೆ. ಲೆಕ್ಕ ಅವನಿಗೆ ಅರ್ಥವಾಗುತ್ತಿತ್ತು. ಮೂರನೆಯ ಹಂತಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆಯುತ್ತಿತ್ತು. ಯೋಚನೆಯ ಕ್ರಮ ತಪ್ಪುವ ರೋಗಿಗಳಿಗೆ ಲೂರಿಯಾ ಚೀಟಿಗಳ ಆಸರೆ ಕೊಡುತ್ತಿದ್ದರು. ನಾನೂ ಹಂತಗಳನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಎರಡನೆಯ ವಾರದಲ್ಲಿ ಅವನೇ ಚೀಟಿ ಬರೆದುಕೊಳ್ಳತೊಡಗಿದ. ಈಗಲೂ ಬೇಗ ದಣಿಯುತ್ತಾನೆ. ಘಟಕ ಪರೀಕ್ಷೆಯಲ್ಲಿ ಸಮಯ ಸಾಲಲಿಲ್ಲ.

ಎಳೆಯ ಮೆದುಳು ತಾನಾಗಿಯೇ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಪಾಠ ಕಠಿಣವಾದಂತೆ, ವರ್ಷಗಳ ನಂತರವೂ ತೊಂದರೆ ಹೊರಬೀಳಬಹುದು. ಅಂಥ ಮಗುವಿನ ತಂದೆತಾಯಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪರೀಕ್ಷೆಯೂ ತರಬೇತಿಯೂ ಉಂಟೆಂದು ತಿಳಿಸುವುದು ಶಿಕ್ಷಕರ ಕೆಲಸವೇ.

ಲೂರಿಯಾ 1977ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ಪಾಠಯೋಜನೆ ಬರೆಯುವಾಗ, ಆಸ್ಪತ್ರೆಯಿಂದ ಮರಳಿದ ಮಗುವಿಗೆಂದು ಒಂದು ಅಂಕಣ ಬಿಟ್ಟರೆ ಅವರ ಕೆಲಸ ನಮ್ಮ ತರಗತಿಗಳಲ್ಲೂ ಮುಂದುವರಿಯುತ್ತದೆ.