ಏಕಾಂಗಿ ಯಾತ್ರಿಕ ಶ್ರೀ ಸಿದ್ಧಾರೂಢರು

ಯಾತ್ರೆಯೆಂದರೆ ನಮ್ಮ ಜನರಿಗೆ ಬಲು ಪ್ರೀತಿ. ಉಳವಿಗೆ, ಎಲ್ಲಮ್ಮನ ಗುಡ್ಡಕ್ಕೆ, ಶ್ರೀಶೈಲಕ್ಕೆ ಬುತ್ತಿ ಕಟ್ಟಿಕೊಂಡು ನೆರೆಹೊರೆಯವರೊಡನೆ ಕೂಡಿ ಹೋಗುವುದು ನಮ್ಮ ಸೀಮೆಯ ಹಳೆಯ ರೂಢಿ. ಆದರೆ ಒಬ್ಬನೇ ಹೊರಡುವವನನ್ನು ಜನರು ಸಂಶಯದಿಂದಲೇ ನೋಡುವರು. ಮನೆಯಲ್ಲಿ ಜಗಳವಾಯಿತೋ, ಸಾಲ ಹೆಚ್ಚಾಯಿತೋ, ತಲೆ ಕೆಟ್ಟಿತೋ ಎಂದು ವಿಚಾರಿಸುವರು. ಹಾಗೆ ಒಬ್ಬನೇ ಹೊರಟ ಬಾಲಕನೊಬ್ಬನು ಕೊನೆಗೆ ಲಕ್ಷಾಂತರ ಜನರಿಗೆ ಅಜ್ಜನಾದ ಕಥೆ ನಮ್ಮಿಂದ ಸುಮಾರು 30 ಕಿಲೋಮೀಟರು ದೂರದ ಹುಬ್ಬಳ್ಳಿಯಲ್ಲಿದೆ. ಅದನ್ನು ನನ್ನ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಶ್ರೀ ಸಿದ್ಧಾರೂಢರು 1836ರಲ್ಲಿ ಬೀದರ ಜಿಲ್ಲೆಯ ಭಾಲ್ಕಿ ತಾಲೂಕಿನ ಚಳಕಾಪುರದಲ್ಲಿ ಜನಿಸಿದರು. ಆಗ ಆ ಸೀಮೆಯು ಹೈದರಾಬಾದಿನ ನಿಜಾಮನ ಆಳಿಕೆಯಲ್ಲಿದ್ದಿತು. ತಂದೆ ಗುರುಶಾಂತಪ್ಪನವರು, ತಾಯಿ ದೇವಮಲ್ಲಮ್ಮನವರು. ಮನೆಯಲ್ಲಿ ಅವರನ್ನು ಕರೆಯುತ್ತಿದ್ದುದು ಸಿದ್ಧ ಎಂದು. ಉಳಿದ ಮಕ್ಕಳು ಆಟದಲ್ಲಿ ಮೈಮರೆಯುವ ವಯಸ್ಸಿನಲ್ಲಿಯೇ ಈ ಬಾಲಕನಿಗೆ ಗುರುವನ್ನು ಕಾಣಬೇಕೆಂಬ ಹಂಬಲ ಹತ್ತಿತು. ಅವನು ಮನೆ ಬಿಟ್ಟು ನಡೆದನು.

ಮಹಾಪುರುಷರ ಚರಿತ್ರೆಗಳಲ್ಲಿ ಈ ಪ್ರಸಂಗವನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುವರು. ನನಗೆ ಮಾತ್ರ ಇಲ್ಲಿಯೇ ಕಾಲು ನಿಲ್ಲುತ್ತದೆ. ನಮ್ಮ ಕಲಘಟಗಿಯು ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ತೊಟ್ಟಿಲಿನ ಮೇಲೆ ದೇವರ ಕಥೆಗಳನ್ನು ಬರೆದು, ಅದರಲ್ಲಿ ಕೂಸನ್ನು ಮಲಗಿಸಿ ಹರಸುವ ನಾಡಿನಲ್ಲಿ ಬೆಳೆದವನಿಗೆ, ಮಗನನ್ನು ಕಳೆದುಕೊಂಡ ತಾಯಿಯ ಸಂಕಟವನ್ನು ದಾಟಿ ಮುಂದೆ ಓದುವುದು ಸುಲಭವಲ್ಲ. ವೈರಾಗ್ಯವೆಂದರೆ ಜನರಿಂದ ಓಡಿಹೋಗುವುದೇ? ಹಾಗಾದರೆ ಅದರಲ್ಲಿ ದೊಡ್ಡಸ್ತಿಕೆ ಏನಿದೆ? ಈ ಪ್ರಶ್ನೆಗೆ ಉತ್ತರವನ್ನು ಅವರ ಮುಂದಿನ ಬಾಳಿನಲ್ಲಿಯೇ ಹುಡುಕಬೇಕು.

ಅಲೆಯುತ್ತ ಅಲೆಯುತ್ತ ಬಾಲಕನು ಅಮರಗುಂಡಕ್ಕೆ ಬಂದು ಅಲ್ಲಿ ಗಜದಂಡ ಸ್ವಾಮಿಗಳೆಂಬ ಗುರುಗಳನ್ನು ಕಂಡನು. ಅವರ ಸೇವೆಯಲ್ಲಿ ನಿಂತು, ಅವರಿಂದ ವೇದಾಂತವನ್ನು ಕೇಳಿ ಕಲಿತನು. ಒಬ್ಬನೇ ಹೊರಟ ಹುಡುಗನಿಗೆ ಅರಿವು ದೊರೆತದ್ದು ಅಡವಿಯ ಏಕಾಂತದಲ್ಲಿ ಅಲ್ಲ. ಇನ್ನೊಬ್ಬ ಮನುಷ್ಯನ ಕಾಲ ಬಳಿಯಲ್ಲಿ. ಶ್ರದ್ಧೆಯು ಮೊದಲು ಒಬ್ಬ ವ್ಯಕ್ತಿಯ ಮೇಲಿನ ವಿಶ್ವಾಸವಾಗಿ ಹುಟ್ಟಿ, ಆಮೇಲೆ ದೇವರ ಮೇಲಿನ ವಿಶ್ವಾಸವಾಗಿ ಬೆಳೆಯಿತೆಂದು ನನಗೆ ತೋರುತ್ತದೆ.

ವಿದ್ಯೆ ಮುಗಿದ ಮೇಲೆ ಗುರುಗಳ ಅಪ್ಪಣೆ ಪಡೆದು ಅವರು ಮತ್ತೆ ಒಬ್ಬರೇ ಹೊರಟರು. ಉತ್ತರದ ಹಿಮಾಲಯದಿಂದ ದಕ್ಷಿಣದ ಕಡಲ ತೀರದವರೆಗೆ ಅನೇಕ ಕ್ಷೇತ್ರಗಳನ್ನು ಸಂಚರಿಸಿದರೆಂದು ಚರಿತ್ರಕಾರರು ಹೇಳುವರು. ಆ ಕಾಲದ ಸಂಚಾರವೆಂದರೆ ಏನೆಂಬುದನ್ನು ಇಂದು ನಾವು ಊಹಿಸುವುದೂ ಕಷ್ಟ. ಕೈಯಲ್ಲಿ ಹಣವಿಲ್ಲ, ಗಂಟಿನಲ್ಲಿ ಬುತ್ತಿಯಿಲ್ಲ. ಸಂಜೆಗೆ ಯಾವ ಊರು ಸಿಕ್ಕೀತೋ, ಯಾವ ತಾಯಿ ರೊಟ್ಟಿ ನೀಡಿಯಾಳೋ ತಿಳಿಯದು. ಭಾಷೆ ತಿಳಿಯದ ಊರಿನಲ್ಲಿ ಚಾಚಿದ ಕೈಯೇ ಮಾತು. ಹೀಗೆ ಭಿಕ್ಷೆಯಿಂದ ಬಾಳುವವನು ಹೊರನೋಟಕ್ಕೆ ಒಂಟಿಯಾಗಿ ಕಂಡರೂ, ಅವನ ದಿನದಿನದ ಅನ್ನವೆಲ್ಲ ಅಪರಿಚಿತರ ಋಣವೇ ಆಗಿರುತ್ತದೆ. ಮನೆಯಲ್ಲಿ ಉಂಡವನಿಗೆ ಒಬ್ಬಳೇ ತಾಯಿ. ಹೀಗೆ ಉಂಡವನಿಗೆ ನೂರು ತಾಯಂದಿರು.

1877ರ ಸುಮಾರಿಗೆ, ತಮ್ಮ ನಲವತ್ತರ ಪ್ರಾಯದಲ್ಲಿ, ಅವರು ಹುಬ್ಬಳ್ಳಿಗೆ ಬಂದರು. 1876ರಿಂದ 1878ರವರೆಗಿನ ಭೀಕರ ಬರಗಾಲವು ಧಾರವಾಡ ಜಿಲ್ಲೆಯನ್ನು ಹಿಂಡಿದ ಕಾಲವದು. ಹಳೆಯ ಹುಬ್ಬಳ್ಳಿಯ ಜನರು ಈ ಅಪರಿಚಿತನನ್ನು ಮೊದಮೊದಲು ಹುಚ್ಚನೆಂದು ತಿಳಿದು ಹಾಸ್ಯ ಮಾಡಿದರು, ಕಾಟವನ್ನೂ ಕೊಟ್ಟರು ಎಂದು ಭಕ್ತರು ಹೇಳುವರು. ಅವರು ಮಾತ್ರ ಊರು ಬಿಟ್ಟು ಹೋಗಲಿಲ್ಲ. ಹಿಮಾಲಯವನ್ನು ಕಂಡು ಬಂದ ಪಾದಗಳು ತಮ್ಮನ್ನು ನೋಯಿಸಿದ ಊರಿನಲ್ಲಿಯೇ ನೆಲೆನಿಂತವು. ಅವರ ಬಾಳಿನ ನಿಜವಾದ ಸಾಹಸವು ಸಂಚಾರವಲ್ಲ, ಈ ನಿಲ್ಲುವಿಕೆಯೇ ಎಂದು ನಾನು ಭಾವಿಸುತ್ತೇನೆ.

ಕ್ರಮೇಣ ಜನರು ಹತ್ತಿರ ಬಂದರು. ಅವರು ನಿಜಗುಣ ಶಿವಯೋಗಿಗಳ ಶಾಸ್ತ್ರಗಳನ್ನು ಓದಿಸಿ, ಸಾಮಾನ್ಯ ಒಕ್ಕಲಿಗನಿಗೂ ತಿಳಿಯುವಂತೆ ಅರ್ಥ ಹೇಳುತ್ತಿದ್ದರು. ಪಂಚಾಕ್ಷರಿ ಮಂತ್ರವನ್ನು ಜಾತಿಮತಗಳ ಭೇದವಿಲ್ಲದೆ ಕೇಳಿದವರಿಗೆಲ್ಲ ಕೊಟ್ಟರು. ನವಲಗುಂದದ ನಾಗಲಿಂಗ ಸ್ವಾಮಿಗಳು, ಗರಗದ ಮಡಿವಾಳಪ್ಪನವರು, ಶಿಶುನಾಳ ಶರೀಫರು ಇವರೆಲ್ಲ ಅವರೊಡನೆ ಕೂಡುತ್ತಿದ್ದರೆಂದು ನಮ್ಮ ಹಳ್ಳಿಗಳ ಹಿರಿಯರು ಇಂದಿಗೂ ಹೇಳುವರು. ಒಬ್ಬೊಬ್ಬರ ಹುಟ್ಟು ಒಂದೊಂದು, ಹಾದಿ ಒಂದೊಂದು. ಕೂಡಿದರೆ ಒಂದೇ ಮನೆಯವರು!

ಮಠದಲ್ಲಿ ದಾಸೋಹವು ಬೆಳೆಯಿತು. ಭಿಕ್ಷೆ ಬೇಡಿ ದೇಶ ತಿರುಗಿದವರು ಈಗ ಬಂದವರಿಗೆಲ್ಲ ಅನ್ನವಿಕ್ಕಿಸತೊಡಗಿದರು. ದಾರಿಯಲ್ಲಿ ನೂರು ಮನೆಗಳಿಂದ ಪಡೆದ ಋಣವನ್ನು ತೀರಿಸಲು ಇದಕ್ಕಿಂತ ಒಳ್ಳೆಯ ಮಾರ್ಗ ಯಾವುದಿದ್ದೀತು?

ಕಳೆದ ವರ್ಷ ಕೆಲಸವೊಂದರ ಮೇಲೆ ನಾನೊಬ್ಬನೇ ಹುಬ್ಬಳ್ಳಿಗೆ ಹೋಗಿ, ಮಧ್ಯಾಹ್ನ ಮಠದ ಪಂಕ್ತಿಯಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ತೆಲುಗು ಮಾತನಾಡುವ ಮುದುಕಿಯೊಬ್ಬಳಿದ್ದಳು. ನನ್ನ ಮಾತು ಅವಳಿಗೆ ತಿಳಿಯದು, ಅವಳ ಮಾತು ನನಗೆ ತಿಳಿಯದು. ನನ್ನ ತಟ್ಟೆ ಬರಿದಾದುದನ್ನು ಕಂಡು ಅವಳೇ ಬಡಿಸುವವನನ್ನು ಕೈಮಾಡಿ ಕರೆದು, ನನ್ನ ಕಡೆ ತೋರಿಸಿ, ಹುಗ್ಗಿ ಹಾಕಿಸಿದಳು. ಉಂಡು ಎದ್ದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಜನಜಂಗುಳಿಯಲ್ಲಿ ಮರೆಯಾದಳು. ಸಿದ್ಧಾರೂಢರು ದೇಶವೆಲ್ಲ ತಿರುಗಿ ಏನನ್ನು ಕಂಡಿರಬಹುದೆಂಬುದು ಗ್ರಂಥಗಳಿಗಿಂತ ಆ ಒಂದು ಪಂಕ್ತಿಯಲ್ಲಿ ನನಗೆ ಹೆಚ್ಚು ತಿಳಿಯಿತು.

ಅರ್ಧ ಶತಮಾನಕ್ಕೂ ಮಿಗಿಲಾಗಿ ಹುಬ್ಬಳ್ಳಿಯಲ್ಲಿದ್ದು, 1929ರ ಆಗಸ್ಟ 21ರಂದು, ತಮ್ಮ 93ನೆಯ ವಯಸ್ಸಿನಲ್ಲಿ ಅವರು ದೇಹವಿಟ್ಟರು. ಶಿವರಾತ್ರಿಯ ಜಾತ್ರೆಯಲ್ಲಿ ಇಂದಿಗೂ ಅಜ್ಜನ ತೇರಿಗೆ ಉತ್ತತ್ತಿ ಎಸೆಯಲು ಕರ್ನಾಟಕದಿಂದಲ್ಲದೆ ಮಹಾರಾಷ್ಟ್ರದಿಂದಲೂ ಜನರು ಬರುವರು. 2020ರಲ್ಲಿ ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೆ ಅವರ ಹೆಸರನ್ನಿಟ್ಟರು. ಅಲ್ಲಿ 2023ರಲ್ಲಿ ಲೋಕಾರ್ಪಣೆಯಾದ 1507 ಮೀಟರು ಉದ್ದದ ಪ್ಲಾಟಫಾರ್ಮು ಜಗತ್ತಿನಲ್ಲಿಯೇ ಅತ್ಯಂತ ಉದ್ದವಾದುದೆಂದು ಪ್ರಸಿದ್ಧವಾಗಿದೆ. ಕಾಲ್ನಡಿಗೆಯಲ್ಲಿ ದೇಶ ಸುತ್ತಿದವರ ಹೆಸರು ಪ್ರಯಾಣಿಕರ ನಿಲ್ದಾಣಕ್ಕೆ ಒಪ್ಪಿತವಾಗಿಯೇ ಇದೆ.

ನಮ್ಮಲ್ಲಿ ಅನೇಕರು ಪದವಿ ಮುಗಿಸಿ ಬೆಂಗಳೂರು, ಪುಣೆಗಳಿಗೆ ಒಬ್ಬೊಬ್ಬರೇ ಹೊರಡುವವರು. ಹೊರಡುವ ಹಿಂದಿನ ರಾತ್ರಿ ತಾಯಿ ಸೆರಗಿನಿಂದ ಕಣ್ಣೊರಸಿಕೊಳ್ಳುವುದನ್ನು ಕಾಣುವವರು. ಸಿದ್ಧಾರೂಢರ ಬಾಳು ನಮಗೆ ಮನೆ ಬಿಡಬೇಕೆಂದಾಗಲಿ, ಬಿಡಬಾರದೆಂದಾಗಲಿ ಹೇಳುವುದಿಲ್ಲ. ಒಂಟಿಯಾಗಿ ನಡೆದವನು ಕೊನೆಗೆ ಎಲ್ಲಿ ನಿಲ್ಲುತ್ತಾನೆ, ಯಾರಿಗೆ ಉಣಬಡಿಸುತ್ತಾನೆ ಎಂಬುದರಿಂದ ಅವನ ಯಾತ್ರೆಯನ್ನು ಅಳೆಯಬೇಕೆಂದು ಮಾತ್ರ ತಿಳಿಸುತ್ತದೆ. ತಾಯಿಯೊಬ್ಬಳು ಕಳೆದುಕೊಂಡ ಮಗನು ಒಂದು ನಾಡಿಗೆ ಅಜ್ಜನಾದನು. ನಮ್ಮ ನಮ್ಮ ಅಳತೆಗೆ ತಕ್ಕಂತೆ, ಹೋದ ಊರಿನಲ್ಲಿ ಒಬ್ಬ ಹಸಿದವನಿಗಾದರೂ ನಾವು ಮನೆಯವರಾದರೆ, ನಮ್ಮ ತಾಯಂದಿರ ಕಣ್ಣೀರು ವ್ಯರ್ಥವಾಗಲಾರದು.