ಆಂಡರ್ಸನ್ ಗ್ರೇ ಮೆಕೆಂಡ್ರಿಕ್

ಆಂಡರ್ಸನ್ ಗ್ರೇ ಮೆಕೆಂಡ್ರಿಕ್ (8 ಸೆಪ್ಟೆಂಬರ್ 1876 – 30 ಮೇ 1943) ಸ್ಕಾಟ್ಲೆಂಡಿನ ವೈದ್ಯರು ಹಾಗೂ ಸಾಂಕ್ರಾಮಿಕ ರೋಗಗಳ ಅಧ್ಯಯನಕ್ಕೆ ಗಣಿತವನ್ನು ಅನ್ವಯಿಸಿದ ಮೊದಲಿಗರಲ್ಲಿ ಒಬ್ಬರು. ಅವರ ವೃತ್ತಿಜೀವನದ ಮೊದಲ ಭಾಗ ಬಹುಮಟ್ಟಿಗೆ ಭಾರತದಲ್ಲಿ ಕಳೆಯಿತು. ಜೀವಿಗಳನ್ನು ವಯಸ್ಸಿಗೆ ಅನುಗುಣವಾಗಿ ಎಣಿಸುವ ಅವರ ಸಮೀಕರಣವು ಇಂದಿನ ಪರಿಸರ ವಿಜ್ಞಾನದ ಗಣಕ ತಂತ್ರಾಂಶಗಳಿಗೆ ಆಧಾರವಾಗಿದೆ.

ಜನನ ಮತ್ತು ಶಿಕ್ಷಣ

ಮೆಕೆಂಡ್ರಿಕ್ ಎಡಿನ್‌ಬರೋದಲ್ಲಿ ಐವರು ಮಕ್ಕಳಲ್ಲಿ ಕಿರಿಯವರಾಗಿ ಜನಿಸಿದರು. ತಂದೆ ಜಾನ್ ಗ್ರೇ ಮೆಕೆಂಡ್ರಿಕ್ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮಗನೂ ಅಲ್ಲಿಯೇ ವೈದ್ಯಕೀಯ ಪದವಿ ಪಡೆದರು. 1901ರಲ್ಲಿ ರೊನಾಲ್ಡ್ ರಾಸ್ ಅವರೊಡನೆ ಮಲೇರಿಯಾ ನಿಯಂತ್ರಣಕ್ಕಾಗಿ ಸಿಯೆರಾ ಲಿಯೋನ್‌ಗೆ ತೆರಳಿದರು. ರೋಗದ ಹರಡುವಿಕೆಯನ್ನು ಗಣಿತದಿಂದ ವಿವರಿಸಬಹುದೆಂದು ನಂಬಿದ್ದ ರಾಸ್ ಅವರ ಪ್ರಭಾವ ಮೆಕೆಂಡ್ರಿಕ್ ಅವರ ಮುಂದಿನ ಕಾರ್ಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಭಾರತದಲ್ಲಿ ಸೇವೆ

ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಸೇರಿದ್ದ ಅವರು ಬಂಗಾಳದ ಸೆರೆಮನೆಯೊಂದರಲ್ಲಿ ವೈದ್ಯರಾಗಿ ಆಮಶಂಕೆಯ ನಿಯಂತ್ರಣಕ್ಕೆ ಶ್ರಮಿಸಿದರು. ಬಳಿಕ ಇಂದಿನ ಹಿಮಾಚಲ ಪ್ರದೇಶದಲ್ಲಿರುವ ಕಸೌಲಿಯಲ್ಲಿ ರೇಬೀಸ್ ಕುರಿತು ಸಂಶೋಧನೆ ನಡೆಸುತ್ತಲೇ ಗಣಿತವನ್ನೂ ಅಭ್ಯಸಿಸಿದರು. ಎಂ. ಕೇಶವ ಪೈ ಅವರೊಂದಿಗೆ 1911ರಲ್ಲಿ ಸೂಕ್ಷ್ಮಜೀವಿಗಳ ವೃದ್ಧಿದರದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಉಷ್ಣವಲಯದ ಕಾಯಿಲೆಗೆ ತುತ್ತಾದ ಕಾರಣ 1920ರಲ್ಲಿ ಸ್ವದೇಶಕ್ಕೆ ಮರಳಿ, ಎಡಿನ್‌ಬರೋದ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನ ಪ್ರಯೋಗಾಲಯದ ಮುಖ್ಯಸ್ಥರಾದರು.

1926ರ ಪ್ರಬಂಧ

ವೈದ್ಯಕೀಯ ಸಮಸ್ಯೆಗಳಿಗೆ ಗಣಿತದ ಅನ್ವಯವನ್ನು ಕುರಿತ ಈ ಪ್ರಬಂಧದಲ್ಲಿ ಭಾರತದ ಗ್ರಾಮವೊಂದರ ಕಾಲರಾ ಅಂಕಿಅಂಶಗಳಿವೆ. ಅಲ್ಲಿನ 223 ಮನೆಗಳ ಪೈಕಿ 168ರಲ್ಲಿ ಯಾರಿಗೂ ರೋಗ ಬಂದಿರಲಿಲ್ಲ. ಉಳಿದ ಮನೆಗಳಲ್ಲಿ ಪ್ರಕರಣಗಳು ಹಂಚಿಕೆಯಾಗಿದ್ದ ರೀತಿಯನ್ನು ಪರಿಶೀಲಿಸಿದ ಮೆಕೆಂಡ್ರಿಕ್, ಸೋಂಕಿನ ಅಪಾಯಕ್ಕೆ ಒಳಗಾಗಿದ್ದವು ಸುಮಾರು 90 ಮನೆಗಳು ಮಾತ್ರ ಎಂದು ಲೆಕ್ಕಹಾಕಿದರು. ರೋಗ ಬಾರದ ಮನೆಗಳಲ್ಲಿ ಹೆಚ್ಚಿನವು ಅದೃಷ್ಟದಿಂದ ಪಾರಾದವಲ್ಲ, ಸೋಂಕಿನ ಮೂಲವೇ ಅವುಗಳನ್ನು ತಲುಪಿರಲಿಲ್ಲ ಎಂಬುದು ಇದರ ತಾತ್ಪರ್ಯ.

ಅದೇ ಪ್ರಬಂಧದಲ್ಲಿ ವಯಸ್ಸು ಮತ್ತು ಕಾಲ ಎರಡನ್ನೂ ಒಳಗೊಂಡ ಆಂಶಿಕ ಅವಕಲ ಸಮೀಕರಣವೊಂದಿದೆ. ಕಾಲ ಕಳೆದಂತೆ ಪ್ರತಿಯೊಂದು ಜೀವಿಯ ವಯಸ್ಸು ಅಷ್ಟೇ ಹೆಚ್ಚುತ್ತದೆ ಮತ್ತು ಪ್ರತಿ ವಯೋಗುಂಪು ತನ್ನದೇ ಆದ ಮರಣದರದಂತೆ ಕ್ಷೀಣಿಸುತ್ತದೆ ಎಂಬುದನ್ನು ಅದು ನಿರೂಪಿಸುತ್ತದೆ. ಒಟ್ಟು ಸಂಖ್ಯೆ ಒಂದೇ ಆಗಿದ್ದರೂ ಎಳೆಯ ಜೀವಿಗಳೇ ತುಂಬಿರುವ ಸಮುದಾಯದ ಭವಿಷ್ಯ ಮುದಿ ಜೀವಿಗಳ ಸಮುದಾಯದ ಭವಿಷ್ಯಕ್ಕಿಂತ ಭಿನ್ನವಾಗಿರುತ್ತದೆ. ಕೇವಲ ಒಟ್ಟು ಸಂಖ್ಯೆಯನ್ನು ಪರಿಗಣಿಸುವ ಮಾದರಿಗಳಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಕರ್ಮ್ಯಾಕ್ ಅವರೊಡನೆ ಸಹಯೋಗ

1924ರಲ್ಲಿ ಪ್ರಯೋಗಾಲಯದ ಸ್ಫೋಟದಲ್ಲಿ ದೃಷ್ಟಿ ಕಳೆದುಕೊಂಡಿದ್ದ ರಸಾಯನವಿಜ್ಞಾನಿ ವಿಲಿಯಂ ಓಗಿಲ್ವಿ ಕರ್ಮ್ಯಾಕ್ ಅವರೊಂದಿಗೆ ಮೆಕೆಂಡ್ರಿಕ್ 1927ರಲ್ಲಿ ಸಾಂಕ್ರಾಮಿಕಗಳ ಗಣಿತ ಸಿದ್ಧಾಂತವನ್ನು ಪ್ರಕಟಿಸಿದರು. ಸೋಂಕಿಗೆ ಒಳಗಾಗಬಲ್ಲವರ ಸಂಖ್ಯೆ ಒಂದು ಮಿತಿಯನ್ನು ದಾಟಿದಾಗ ಮಾತ್ರ ಸಾಂಕ್ರಾಮಿಕ ಹಬ್ಬುತ್ತದೆ ಎಂದು ಅದು ತೋರಿಸಿತು. 1905–06ರ ಮುಂಬಯಿ ಪ್ಲೇಗಿನ ಮರಣಸಂಖ್ಯೆಗಳೊಂದಿಗೆ ಈ ಸಿದ್ಧಾಂತವನ್ನು ಹೋಲಿಸಲಾಯಿತು. ಪಠ್ಯಪುಸ್ತಕಗಳಲ್ಲಿ ಬರುವ ಎಸ್‌ಐಆರ್ ಮಾದರಿ ಇದರ ಒಂದು ಸರಳ ರೂಪವಷ್ಟೇ. ಮೂಲ ಮಾದರಿಯಲ್ಲಿ ಸೋಂಕು ತಗಲಿ ಎಷ್ಟು ಕಾಲವಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ನಿಧನ ಮತ್ತು ಪರಂಪರೆ

1941ರಲ್ಲಿ ನಿವೃತ್ತರಾದ ಮೆಕೆಂಡ್ರಿಕ್ 1943ರಲ್ಲಿ ಸ್ಕಾಟ್ಲೆಂಡಿನ ಕಾರ್‌ಬ್ರಿಜ್‌ನಲ್ಲಿ ನಿಧನರಾದರು. ಅವರ ವಯೋಸಮೀಕರಣ ಆಗ ಹೆಚ್ಚು ಗಮನ ಸೆಳೆದಿರಲಿಲ್ಲ. ಜೀವಕೋಶಗಳ ವೃದ್ಧಿಯ ಅಧ್ಯಯನದಲ್ಲಿ ಹೈನ್ಸ್ ಫಾನ್ ಫರ್ಸ್ಟರ್ 1959ರಲ್ಲಿ ಅದನ್ನು ಮತ್ತೆ ಕಂಡುಕೊಂಡರು. ಹೀಗಾಗಿ ಅದಕ್ಕೆ ಇಬ್ಬರ ಹೆಸರೂ ಉಳಿದಿದೆ. 1967ರಲ್ಲಿ ಸಿಂಕೊ ಮತ್ತು ಸ್ಟ್ರೈಫರ್ ವಯಸ್ಸಿನ ಜೊತೆಗೆ ದೇಹದ ಗಾತ್ರವನ್ನೂ ಸೇರಿಸಿದರು. ಆಹಾರದ ಲಭ್ಯತೆಗೆ ತಕ್ಕಂತೆ ಬೆಳೆಯುವ ಮೀನಿನಂತಹ ಜೀವಿಗಳಿಗೆ ಇದು ಅಗತ್ಯವಾಗಿತ್ತು.

ಇಂತಹ ಸಮೀಕರಣಗಳನ್ನು ಕೈಲೆಕ್ಕದಿಂದ ಬಿಡಿಸುವುದು ಬಹುತೇಕ ಅಸಾಧ್ಯ. 1988ರಲ್ಲಿ ಆಂದ್ರೆ ದ ರೋಸ್ ಇದಕ್ಕೊಂದು ಸಂಖ್ಯಾತ್ಮಕ ವಿಧಾನವನ್ನು ರೂಪಿಸಿದರು. ಮುಂದೆ ಅವರು ಪಿಎಸ್‌ಪಿಎಂ-ಅನಾಲಿಸಿಸ್ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿದರು. ಬೆಳವಣಿಗೆ, ಸಂತಾನೋತ್ಪತ್ತಿ ಮತ್ತು ಮರಣದ ದರಗಳನ್ನು ಒದಗಿಸಿದರೆ ಅದು ಸಮುದಾಯದ ಸಮತೋಲ ಸ್ಥಿತಿಯನ್ನೂ, ಆ ದರಗಳು ಬದಲಾದಾಗ ಸಮತೋಲ ಎಲ್ಲಿ ಕುಸಿಯುತ್ತದೆ ಎಂಬುದನ್ನೂ ಲೆಕ್ಕಹಾಕುತ್ತದೆ.